ಯಾವ ಕ್ಲಾಸಿಗೆ ಬೇಕು?

ಜಿಲ್ಲಾ ಕೇಂದ್ರವೊಂದರ ದೊಡ್ಡ ಪುಸ್ತಕದಂಗಡಿ. ಕನ್ನಡದಲ್ಲಿ ವಿಜ್ಞಾನದ ಪುಸ್ತಕ ಏನೇನಿವೆ ಎಂದು ಕೇಳಿದೆ. ಬಿಲ್ ಹಾಕುತ್ತಿದ್ದ ಹುಡುಗ "ಯಾವ ಕ್ಲಾಸಿಗೆ ಬೇಕು ಸಾರ್?" ಅಂದ. ಯಾವ ಕ್ಲಾಸಿಗೂ ಅಲ್ಲಪ್ಪ, ಸುಮ್ಮನೆ ಓದೋದಕ್ಕೆ ಅಂದೆ. ಅವನು ಒಂದು ಗಳಿಗೆ ಯೋಚಿಸಿ, "ಹಾಗಾದ್ರೆ ಕಾಂಪಿಟಿಟಿವ್ ಎಕ್ಸಾಮ್ ಸೆಕ್ಷನ್ ನೋಡಿ" ಎಂದು ಒಳಗಿನ ಸಾಲು ತೋರಿಸಿದ. ಅಲ್ಲಿ ಸಾಮಾನ್ಯ ವಿಜ್ಞಾನದ ಗೈಡುಗಳು ಒತ್ತೊತ್ತಾಗಿ ನಿಂತಿದ್ದವು. ಬೆಳಕಿನ ವೇಗ ಎಷ್ಟು, ವಿಟಮಿನ್ ಸಿ ಕೊರತೆಯಿಂದ ಬರುವ ರೋಗ ಯಾವುದು. ಒಂದು ಪ್ರಶ್ನೆ, ನಾಲ್ಕು ಉತ್ತರ, ಸರಿಯಾದದ್ದರ ಮುಂದೆ ಟಿಕ್ಕು.

ಹುಡುಗನ ತಪ್ಪೇನೂ ಇಲ್ಲ. ವಿಜ್ಞಾನ ಅಂದರೆ ನಮ್ಮಲ್ಲಿ ಒಂದು ಸಬ್ಜೆಕ್ಟು. ಪಾಸಾದ ಮೇಲೆ ಅದರ ಪುಸ್ತಕ ರದ್ದಿಗೆ. ಪರೀಕ್ಷೆ ಮುಗಿದು ಇಪ್ಪತ್ತು ವರ್ಷವಾದ ಬ್ಯಾಂಕ್ ಗುಮಾಸ್ತೆಯೋ ತೋಟ ಮಾಡುವವನೋ ಹೊಲಿಗೆ ಮಾಡುವ ಹೆಣ್ಣುಮಗಳೋ ಆಕಾಶದ ಬಗ್ಗೆ, ಹೊಟ್ಟೆಯ ಬಗ್ಗೆ, ಇರುವೆಯ ಬಗ್ಗೆ ಓದಬೇಕೆಂದು ಅಂಗಡಿಗೆ ಬರಬಹುದು ಎಂಬ ನಿರೀಕ್ಷೆಯೇ ಇಲ್ಲ. ಆದರೆ ಅಂಥವರಿಗಾಗಿಯೇ ಬರೆದ ಪುಸ್ತಕಗಳು ಕನ್ನಡದಲ್ಲಿ ನೂರು ವರ್ಷದಿಂದ ಬರುತ್ತಲೇ ಇವೆ. ಅವು ಬೇರೆ ಬೇರೆ ಹೆಸರಿನ ಕಪಾಟುಗಳಲ್ಲಿ ಚದುರಿಹೋಗಿವೆ, ಅಷ್ಟೆ. ಎಲ್ಲಿ ಹುಡುಕಬೇಕು ಎಂದು ನಾನು ಕಲಿತದ್ದು ಬಹಳ ನಿಧಾನವಾಗಿ. ಕಲಿತಷ್ಟನ್ನು ಇಲ್ಲಿ ಹೇಳುತ್ತೇನೆ.

ಮೊದಲಿಗೆ 1918ಕ್ಕೆ ಹೋಗಬೇಕು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರ ಜತೆ ಸೇರಿ 'ವಿಜ್ಞಾನ' ಎಂಬ ಮಾಸಪತ್ರಿಕೆ ಶುರುಮಾಡಿದರು. ಅದು ನಡೆದದ್ದು ಎರಡೇ ವರ್ಷ. ಆಗ ಕನ್ನಡದಲ್ಲಿ ವಿಜ್ಞಾನ ಬರೆಯಲು ಶಬ್ದಗಳೇ ಇರಲಿಲ್ಲ. ಪ್ರತಿ ಲೇಖನಕ್ಕೂ ಪದ ಕಟ್ಟಿಕೊಂಡು ಬರೆಯಬೇಕಿತ್ತು. ಇದೇ ವೆಂಕಟನಾರಣಪ್ಪನವರು ಪಂಪಭಾರತವನ್ನು ಸಂಪಾದಿಸಿ ಕೊಟ್ಟವರು. ಮುಂದೆ 1939ರಲ್ಲಿ 'ಜೀವವಿಜ್ಞಾನ' ಎಂಬ ಪುಸ್ತಕ ಬರೆದರು. ಹಳಗನ್ನಡದ ಪಾಠಾಂತರ ನೋಡುತ್ತಿದ್ದ ಕಣ್ಣೇ ಜೀವಕೋಶದ ಕಡೆಗೂ ತಿರುಗಿತ್ತು. ನಮ್ಮಲ್ಲಿ ವಿಜ್ಞಾನದ ಪುಸ್ತಕ ಹುಟ್ಟಿದ್ದು ಸಾಹಿತ್ಯದ ಮನೆಯಲ್ಲಿ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಅರ್ಧ ಹುಡುಕಾಟ ಮುಗಿದಂತೆ.

ಶಿವರಾಮ ಕಾರಂತರದೂ ಇದೇ ದಾರಿ. 1936ರಲ್ಲಿ ಮೂರು ಸಂಪುಟಗಳ 'ಬಾಲಪ್ರಪಂಚ', 1959ರಿಂದ ಮುಂದಕ್ಕೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'. ಪರಿಣತರ ಮಂಡಳಿ ಮಾಡಬೇಕಾದ ಕೆಲಸವನ್ನು ಒಬ್ಬ ಕಾದಂಬರಿಕಾರ ಪುತ್ತೂರಿನಲ್ಲಿ ಕೂತು ಮಾಡಿದರು. ವಿಜ್ಞಾನದಲ್ಲಿ ಡಿಗ್ರಿ ಇಲ್ಲದವರು ಅವರು. ತಾವು ಓದಿ ತಿಳಿದುಕೊಂಡದ್ದನ್ನು ತಮ್ಮಂಥದೇ ಇನ್ನೊಬ್ಬ ಓದುಗನಿಗೆ ಹೇಳಿದರು. ಅದಕ್ಕೇ ಅವುಗಳಲ್ಲಿ ಮೇಷ್ಟ್ರ ದನಿಗಿಂತ ಜತೆಗೆ ನಡೆಯುವವನ ದನಿ ಹೆಚ್ಚು. ಹಳೆಯವಾಗಿವೆಯಲ್ಲ, ಈಗ ಓದಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ: ಓದಬಹುದು, ಆದರೆ ಇಸವಿ ನೋಡಿಕೊಂಡು. ಭೂಮಿಯ ಚಿಪ್ಪು ಫಲಕಗಳಾಗಿ ಒಡೆದು ಚಲಿಸುತ್ತಿದೆ ಎಂಬುದನ್ನು ವಿಜ್ಞಾನಿಗಳು ಒಪ್ಪಿದ್ದು 1960ರ ದಶಕದ ಕೊನೆಗೆ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು 1969ರಲ್ಲಿ. ಅದಕ್ಕೆ ಮೊದಲು ಅಚ್ಚಾದ ಪುಸ್ತಕದಲ್ಲಿ ಇವನ್ನು ಹುಡುಕುವುದು ನ್ಯಾಯವಲ್ಲ.

ಇನ್ನು ಕಪಾಟಿನ ವಿಷಯ. ಲೈಬ್ರರಿಗಳಲ್ಲಿ ಪುಸ್ತಕದ ಬೆನ್ನಿಗೆ ಅಂಟಿಸಿರುವ ಚೀಟಿಯ ಮೇಲಿನ ಅಂಕಿಗಳನ್ನು ಓದಲು ಕಲಿತರೆ ಹುಡುಕುವುದು ಸುಲಭ. ಡ್ಯೂಯಿ ಎಂಬ ಅಮೆರಿಕನ್ನನ ದಶಮಾಂಶ ಪದ್ಧತಿಯಲ್ಲಿ 500ರ ಸಾಲು ವಿಜ್ಞಾನಕ್ಕೆ, 600ರ ಸಾಲು ತಂತ್ರಜ್ಞಾನಕ್ಕೆ. 520 ಖಗೋಳ, 580 ಗಿಡಮರ, 590 ಪ್ರಾಣಿಪಕ್ಷಿ, 610 ವೈದ್ಯ, 630 ಕೃಷಿ. ಕನ್ನಡ ಸಾಹಿತ್ಯಕ್ಕೆ ದೂರದಲ್ಲಿ ಬೇರೆಯೇ ಸಂಖ್ಯೆ, 894.814. ನಮ್ಮ ಕೆಲವು ಅತ್ಯುತ್ತಮ ವಿಜ್ಞಾನದ ಪುಸ್ತಕಗಳು ಕೂತಿರುವುದು ಈ 894.814ರಲ್ಲಿ.

ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ನನಗೆ ಸಿಕ್ಕಿದ್ದು ಹಾಗೆ, ಪ್ರಬಂಧ ಸಂಕಲನಗಳ ನಡುವೆ. ಡಿ.ವಿ.ಜಿ.ಯವರ ಮಗ ಸ್ವಾಮಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಪಶ್ಚಿಮ ಘಟ್ಟದಲ್ಲಿ ಗಿಡಮರ ಹುಡುಕಿ ಅಲೆದ ಕಥೆ ಅದು. ಹುಡುಗರ ತುಂಟತನ, ಕಾಡಿನ ಊಟ ವಸತಿಯ ಪಾಡು, ಮಧ್ಯೆ ಒಂದು ಗಿಡ. ಅದರ ಎಲೆ, ಹೂವು, ಊರಿಂದೂರಿಗೆ ಬದಲಾಗುವ ಹೆಸರು, ಸ್ವಾಮಿಯವರೇ ಬರೆದ ಚಿತ್ರ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಗೌರವ ಸಲ್ಲಬೇಕಾದದ್ದೇ. ಆದರೆ ಸಾಹಿತ್ಯವೆಂದು ಮನ್ನಣೆ ಸಿಕ್ಕಿದ ಮೇಲೆ ಪುಸ್ತಕ ಸಾಹಿತ್ಯದ ಕಪಾಟಿನಲ್ಲೇ ಉಳಿಯಿತು. 580ರ ಮುಂದೆ ನಿಂತು ಗಿಡಮರದ ಪುಸ್ತಕ ಹುಡುಕುವ ಹುಡುಗಿಗೆ ಅದು ಕಾಣುವುದಿಲ್ಲ.

ಪುಸ್ತಕ ಮತ್ತು ಓದುಗ ಒಬ್ಬರಿಗೊಬ್ಬರು ಸಿಗುವಂತೆ ಮಾಡುವುದೇ ಗ್ರಂಥಾಲಯದ ಕೆಲಸ ಎಂದು ಜಗತ್ತಿಗೆ ಕಲಿಸಿದವರು ಎಸ್.ಆರ್. ರಂಗನಾಥನ್. ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು 1931ರಲ್ಲೂ, ತಮ್ಮದೇ ಆದ ಕೋಲನ್ ವರ್ಗೀಕರಣವನ್ನು 1933ರಲ್ಲೂ ಪ್ರಕಟಿಸಿದರು. ಒಂದು ಪುಸ್ತಕಕ್ಕೆ ಹಲವು ಮುಖಗಳಿರುತ್ತವೆ, ಒಂದೇ ಗೂಡಿಗೆ ತುರುಕಬಾರದು ಎಂಬುದು ಅವರ ಪದ್ಧತಿಯ ಮೂಲ ವಿಚಾರ. ಅವರ ಕೊನೆಯ ವರ್ಷಗಳು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಇಲ್ಲೇ ಒಂದು ಸಂಶೋಧನಾ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಸ್ವಾಮಿಯವರ ಪುಸ್ತಕವನ್ನು ತಪ್ಪು ಜಾಗದಲ್ಲಿ ಕಂಡಾಗಲೆಲ್ಲ ನನಗೆ ರಂಗನಾಥನ್ ನೆನಪಾಗುತ್ತಾರೆ.

ಹಾಗಾಗಿ ವಿಷಯ ಹಿಡಿದು ಹುಡುಕುವ ಬದಲು ಬರೆದವರನ್ನು ಹಿಡಿದು ಹೋಗಿ ಎನ್ನುತ್ತೇನೆ. ತೇಜಸ್ವಿಯವರ 'ಕರ್ವಾಲೊ' ಓದದ ಕನ್ನಡ ಓದುಗರು ಕಡಿಮೆ. 1980ರಲ್ಲಿ ಬಂದ ಆ ಕಾದಂಬರಿಯ ಕೊನೆಗೆ ಹಾರುವ ಓತಿ ಕಣ್ಣಿಂದ ಮರೆಯಾದಾಗ, ಅಂಥದ್ದು ನಿಜವಾಗಿಯೂ ಇದೆಯೇ ಎಂಬ ಪ್ರಶ್ನೆ ಏಳುತ್ತದೆ. ಇದೆ. ಘಟ್ಟದ ಕಾಡಿನಲ್ಲಿ, ಅಡಿಕೆ ತೋಟದಲ್ಲಿ ಇಂದಿಗೂ ಹಾರುವ ಓತಿಗಳಿವೆ. ಪಕ್ಕೆಲುಬುಗಳನ್ನು ಅಗಲಿಸಿ ಅವುಗಳ ನಡುವಿನ ತೊಗಲನ್ನು ಕೊಡೆಯ ಹಾಗೆ ಬಿಚ್ಚಿ ಒಂದು ಮರದಿಂದ ಇನ್ನೊಂದಕ್ಕೆ ತೇಲುತ್ತವೆ. ಕಾದಂಬರಿಯಿಂದ ಎದ್ದ ಪ್ರಶ್ನೆ ಹಿಡಿದು ಅದೇ ಲೇಖಕರ 'ಪರಿಸರದ ಕತೆ', 'ಮಿಸ್ಸಿಂಗ್ ಲಿಂಕ್', ಹಕ್ಕಿಗಳ ಪುಸ್ತಕಗಳಿಗೆ ಹೋಗಬಹುದು. ಒಂದು ಕಾದಂಬರಿಯಿಂದ ಜೀವವಿಕಾಸದವರೆಗೆ ಓದುಗನನ್ನು ಕೈಹಿಡಿದು ಕರೆದೊಯ್ಯುವ ಲೇಖಕ ಸಿಗುವುದು ಭಾಷೆಯೊಂದರ ಪುಣ್ಯ.

ಜಿ.ಟಿ. ನಾರಾಯಣರಾಯರನ್ನು ಹಿಡಿದು ಹೋದರೆ ದಾರಿ ಆಕಾಶಕ್ಕೆ. ಕೊಡಗಿನವರು, ಗಣಿತದ ಮೇಷ್ಟ್ರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶಕ್ಕೆ ವಿಜ್ಞಾನ ಸಂಪಾದಕರಾಗಿ ದುಡಿದರು. 2008ರಲ್ಲಿ ತೀರಿಕೊಳ್ಳುವವರೆಗೂ ಬರೆದರು. ಕನ್ನಡ ಬಲ್ಲವನಿಗೆ ಅರ್ಥವಾಗದ ವಿಜ್ಞಾನ ಇರಬಾರದು ಎಂಬ ಹಟ ಅವರ ಪುಸ್ತಕಗಳಲ್ಲಿ ಎದ್ದು ಕಾಣುತ್ತದೆ. ಅವರ ಕನ್ನಡ ಸ್ವಲ್ಪ ಬಿಗಿ, ಸಂಸ್ಕೃತದ ಪದ ಹೆಚ್ಚು. ಮೊದಲ ಹತ್ತು ಪುಟ ತಾಳ್ಮೆ ಬೇಕು. ಆಮೇಲೆ ಬಿಡಲಾಗುವುದಿಲ್ಲ. ಅವರ 'ನಕ್ಷತ್ರ ವೀಕ್ಷಣೆ'ಯನ್ನು ಲೈಬ್ರರಿಯಿಂದ ತಂದು, ಟಾರ್ಚಿನ ಗಾಜಿಗೆ ಕೆಂಪು ಕಾಗದ ಸುತ್ತಿಕೊಂಡು ನಾನು ತಾರಸಿ ಹತ್ತಿದೆ. ಬಿಳಿ ಬೆಳಕು ಬಿದ್ದರೆ ಕತ್ತಲೆಗೆ ಒಗ್ಗಿದ ಕಣ್ಣು ಮತ್ತೆ ಒಗ್ಗಲು ಬಹಳ ಹೊತ್ತು ಬೇಕು, ಕೆಂಪಿಗೆ ಆ ತೊಂದರೆ ಕಡಿಮೆ.

ಜನವರಿ ತಿಂಗಳು, ರಾತ್ರಿ ಎಂಟರ ಹೊತ್ತು. ಪೂರ್ವದ ಕಡೆ ಒಂದೇ ಸಾಲಿನಲ್ಲಿ ಮೂರು ಚುಕ್ಕೆ, ಅದು ಮಹಾವ್ಯಾಧ ಎಂಬ ನಕ್ಷತ್ರಪುಂಜದ ನಡುಪಟ್ಟಿ. ಅದರ ಒಂದು ಪಕ್ಕಕ್ಕೆ ಕೆಂಪು ಕೆಂಪಾದ ನಕ್ಷತ್ರ, ಇನ್ನೊಂದು ಪಕ್ಕಕ್ಕೆ ನೀಲಿಬಿಳಿಯದು. ಕೆಂಪಗಿರುವುದು ಆರ್ದ್ರಾ ಎಂದು ತಿಳಿದಾಗ ಒಂದು ನಿಮಿಷ ಸುಮ್ಮನೆ ನಿಂತುಬಿಟ್ಟೆ. ಆರಿದ್ರಾ ಮಳೆ ಹಿಡಿಯಿತೇ ಎಂದು ನಮ್ಮೂರಲ್ಲಿ ಪ್ರತಿ ಜೂನಿನ ಕೊನೆಗೆ ಕೇಳುತ್ತಿದ್ದರು. ಆ ಮಳೆಗೆ ಹೆಸರು ಕೊಟ್ಟ ನಕ್ಷತ್ರವನ್ನು ನಾನು ಒಂದು ದಿನವೂ ನೋಡಿರಲಿಲ್ಲ. ಮಳೆ ಬರುವಾಗ ನೋಡಲು ಆಗುವುದೂ ಇಲ್ಲ. ಜೂನ್ 22ರ ಆಸುಪಾಸಿನಿಂದ ಎರಡು ವಾರ ಸೂರ್ಯ ಇರುವುದೇ ಆ ದಿಕ್ಕಿನಲ್ಲಿ. ನಕ್ಷತ್ರ ಅವನ ಜತೆಗೇ ಹುಟ್ಟಿ ಅವನ ಜತೆಗೇ ಮುಳುಗುತ್ತದೆ. ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಅದೇ ಮಳೆಯ ಹೆಸರು. ಪಂಚಾಂಗದಲ್ಲಿ ಅಚ್ಚಾಗುವ ಈ ಲೆಕ್ಕ ನಕ್ಷೆ ಹಿಡಿದು ಕತ್ತೆತ್ತಿದಾಗ ನನಗೆ ಅರ್ಥವಾಯಿತು. 2019ರ ಕೊನೆಯಲ್ಲಿ ಇದೇ ಆರ್ದ್ರಾ ಬರಿಗಣ್ಣಿಗೆ ಗೊತ್ತಾಗುವಷ್ಟು ಮಂಕಾದಾಗ ಜಗತ್ತಿನ ಖಗೋಳ ವಿಜ್ಞಾನಿಗಳೆಲ್ಲ ಅದರ ಕಡೆ ತಿರುಗಿದರು. ತಾನೇ ಉಗುಳಿದ ವಸ್ತುವಿನಿಂದಾದ ಧೂಳು ಅಡ್ಡಬಂದಿತ್ತು ಎಂದು ಆಮೇಲೆ ಕಂಡುಕೊಂಡರು. ಆ ಸುದ್ದಿ ಬಂದಾಗ ಹೊರಗೆ ಬಂದು ನೋಡಲು ನನಗೆ ದಾರಿ ಗೊತ್ತಿತ್ತು.

ಜೆ.ಆರ್. ಲಕ್ಷ್ಮಣರಾಯರ ಕನ್ನಡ ನಾರಾಯಣರಾಯರ ಕನ್ನಡಕ್ಕಿಂತ ತಿಳಿ. ರಸಾಯನಶಾಸ್ತ್ರದ ಮೇಷ್ಟ್ರು, 'ಪರಮಾಣು ಚರಿತ್ರೆ' ಬರೆದವರು. ಹೊಸದಾಗಿ ಓದಲು ಶುರುಮಾಡುವವರಿಗೆ ನಾನು ಮೊದಲು ಹೇಳುವ ಹೆಸರು ಅವರದೇ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ಮಾಸಪತ್ರಿಕೆಯನ್ನು ಶುರುವಿನಲ್ಲಿ ರೂಪಿಸಿದವರೂ ಅವರು. ಹೆಸರಿನಲ್ಲಿ ಬಾಲ ಇದೆ ಎಂದು ದೊಡ್ಡವರು ಅದನ್ನು ಮುಟ್ಟದೆ ಬಿಟ್ಟದ್ದು ದೊಡ್ಡ ನಷ್ಟ. ಅಡ್ಯನಡ್ಕ ಕೃಷ್ಣಭಟ್ಟರಂಥವರು ಅದರಲ್ಲಿ ಬರೆದದ್ದು ಯಾವ ವಯಸ್ಸಿಗೂ ಸಲ್ಲುವಂಥದು. ಪತ್ರಿಕೋದ್ಯಮದಿಂದ ಬಂದ ನಾಗೇಶ ಹೆಗಡೆ, ಭೂವಿಜ್ಞಾನದಿಂದ ಬಂದ ಟಿ.ಆರ್. ಅನಂತರಾಮು, ವೈದ್ಯೆಯಾಗಿ ಬರೆದ ಅನುಪಮಾ ನಿರಂಜನ ಇವರ ಪುಸ್ತಕಗಳಿಗೆ ನನ್ನ ಪರಿಚಯ ಬೇಕಿಲ್ಲ, ಅಂಗಡಿಗಳಲ್ಲಿ ಈಗಲೂ ಸಿಗುತ್ತವೆ.

ತಂತ್ರಜ್ಞಾನದ ವಿಷಯದಲ್ಲಿ ನಮ್ಮ ಕಪಾಟು ಬಡವಾಗಿದೆ, ಒಪ್ಪಿಕೊಳ್ಳಬೇಕು. ಕಂಪ್ಯೂಟರು, ಮೊಬೈಲುಗಳ ಬಗ್ಗೆ ಬಂದ ಪುಸ್ತಕಗಳಲ್ಲಿ ಹೆಚ್ಚಿನವು ಯಾವ ಗುಂಡಿ ಒತ್ತಬೇಕು ಎಂದು ಹೇಳುವಂಥವು. ಅಚ್ಚಾಗಿ ಬರುವಷ್ಟರಲ್ಲಿ ಆ ಗುಂಡಿಯೇ ಇರುವುದಿಲ್ಲ. ಒಳಗೆ ಏನು ನಡೆಯುತ್ತದೆ ಎಂದು ಬರೆದವು ಕಡಿಮೆ. ಆದರೆ ತಂತ್ರಜ್ಞಾನ ಎಂದ ಕೂಡಲೇ ಪರದೆಯನ್ನೇ ಏಕೆ ನೆನೆಯಬೇಕು? ಪುತ್ತೂರಿನಿಂದ 1988ರಿಂದ ಬರುತ್ತಿರುವ 'ಅಡಿಕೆ ಪತ್ರಿಕೆ'ಯಲ್ಲಿ ರೈತರೇ ಪೆನ್ನು ಹಿಡಿದು ತಮ್ಮ ಯಂತ್ರ, ತಮ್ಮ ಪ್ರಯೋಗಗಳ ಬಗ್ಗೆ ಬರೆಯುತ್ತಾರೆ. ಅದನ್ನು ಕಟ್ಟಿದ ಶ್ರೀಪಡ್ರೆಯವರ ನೆಲಜಲದ ಪುಸ್ತಕಗಳನ್ನು ನಾನು ತಂತ್ರಜ್ಞಾನದ ಪುಸ್ತಕಗಳೆಂದೇ ಓದಿದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ 1000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ 100 ಚದರ ಮೀಟರ್ ತಾರಸಿ ಇದ್ದರೆ ಅದರ ಮೇಲೆ ಬೀಳುವುದು ಒಂದು ಲಕ್ಷ ಲೀಟರ್. ನಮ್ಮ ಮನೆಗೆ ಟ್ಯಾಂಕರ್ ತರಿಸಿದ ಬೇಸಿಗೆಯಲ್ಲಿ ಈ ಲೆಕ್ಕವನ್ನು ಕ್ಯಾಲೆಂಡರಿನ ಹಿಂದೆ ಬರೆದು ನೋಡಿದ್ದೇನೆ. ಬರೆದ ಮೇಲೆ ಮಳೆಯ ಸದ್ದೇ ಬೇರೆಯಾಗಿ ಕೇಳಿಸಿತು.

ಪ್ರಬಂಧದ ಸಾಲಿನಲ್ಲೂ ಒಮ್ಮೆ ಕಣ್ಣಾಡಿಸಿ. ಕೇರಳದ ತುಂಬಾ ಎಂಬಲ್ಲಿ ರಾಕೆಟ್ಟಿನ ಮೂತಿಯನ್ನು ಸೈಕಲ್ಲಿನ ಕ್ಯಾರಿಯರಿನ ಮೇಲಿಟ್ಟು ಸಾಗಿಸುತ್ತಿರುವ ಫೋಟೋ ಎಲ್ಲರಿಗೂ ಗೊತ್ತು, ಫ್ರಾನ್ಸಿನ ಕಾರ್ಟಿಯೇ ಬ್ರೆಸ್ಸೋನ್ 1966ರಲ್ಲಿ ತೆಗೆದದ್ದು. ಅದರಲ್ಲಿರುವ ಇಬ್ಬರಲ್ಲಿ ಒಬ್ಬರು ಸಿ.ಆರ್. ಸತ್ಯ, ನಮ್ಮ ಕನ್ನಡದ ಲೇಖಕರು. 'ಅಳಿವಿಲ್ಲದ ಸ್ಥಾವರ' ಅವರ ಪ್ರಬಂಧ ಸಂಕಲನ. 'ಆಚೆಮನೆಯ ಸುಬ್ಬಮ್ಮ'ನ ಹಾಡು ಬರೆದವರೂ ಇವರೇ ಎಂದರೆ ಎಷ್ಟೋ ಜನ ನಂಬುವುದಿಲ್ಲ.

ಗೊತ್ತಿಲ್ಲದ ಲೇಖಕರ ಪುಸ್ತಕ ಕೈಗೆ ಬಂದರೆ ನಾನು ನೋಡುವುದು ಎರಡು ಸಂಗತಿ. ಒಂದು, ಹೇಗೆ ಗೊತ್ತಾಯಿತು ಎಂದು ಹೇಳಿದ್ದಾರೆಯೇ. ಸೂರ್ಯ ನಮ್ಮಿಂದ 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ ಎಂದು ಗೈಡೂ ಹೇಳುತ್ತದೆ. ಟೇಪು ಹಿಡಿದು ಅಳೆಯಲಾಗದ ಆ ದೂರವನ್ನು, ಶುಕ್ರ ಗ್ರಹ ಸೂರ್ಯನ ಮುಂದೆ ಹಾದುಹೋಗುವಾಗ ಭೂಮಿಯ ಬೇರೆ ಬೇರೆ ಮೂಲೆಗಳಿಂದ ನೋಡಿ ಲೆಕ್ಕ ಹಾಕಿದರು ಎಂದು ಹೇಳುವ ಪುಸ್ತಕ ಓದುವ ಪುಸ್ತಕ. ಆ ಸಂಕ್ರಮಣ ನಮ್ಮ ಕಾಲದಲ್ಲಿ 2004ರಲ್ಲೂ 2012ರಲ್ಲೂ ಆಯಿತು, ಮುಂದಿನದು 2117ಕ್ಕೆ. ಎರಡು, ಪುಸ್ತಕದ ವಯಸ್ಸು. ಮರುಮುದ್ರಣದ ಇಸವಿ ನಂಬಬೇಡಿ, ಒಳಗೆ ನೋಡಿ. ಗ್ರಹ ಒಂಬತ್ತು ಎಂದಿದ್ದರೆ ಅದು 2006ಕ್ಕಿಂತ ಹಿಂದೆ ಬರೆದದ್ದು. ಆ ವರ್ಷದ ಆಗಸ್ಟಿನಲ್ಲಿ ಪ್ಲೂಟೊ ಪಟ್ಟಿಯಿಂದ ಹೊರಗಾಯಿತು. ಮನುಷ್ಯನಿಗೆ ಒಂದು ಲಕ್ಷ ಜೀನುಗಳು ಎಂದಿದ್ದರೆ ಅದೂ ಕಳೆದ ಶತಮಾನದ್ದು, ಪ್ರೋಟೀನು ಕಟ್ಟುವ ಜೀನುಗಳು ಇಪ್ಪತ್ತು ಸಾವಿರದ ಆಸುಪಾಸು ಎಂದು ಈಗ ಗೊತ್ತಾಗಿದೆ. ಇಂಥ ಪುಸ್ತಕ ಬಿಸಾಡುವಂಥದ್ದೇನಲ್ಲ, ಪಕ್ಕದಲ್ಲಿ ಪೆನ್ಸಿಲ್ ಇಟ್ಟುಕೊಂಡು ಓದುವಂಥದು.

ಎಲ್ಲಿ ಸಿಗುತ್ತವೆ ಎಂದರೆ, ಅಂಗಡಿಗಿಂತ ಮೊದಲು ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ. ಕನ್ನಡದ ಸಣ್ಣ ಪ್ರಕಾಶಕರ ಪುಸ್ತಕಗಳನ್ನು ಗ್ರಂಥಾಲಯ ಇಲಾಖೆ ಸಗಟಾಗಿ ಕೊಳ್ಳುತ್ತದೆ. ಹಾಗಾಗಿ ಅಂಗಡಿಯಲ್ಲಿ ಎಂದೂ ಕಾಣದ ಪುಸ್ತಕ ತಾಲ್ಲೂಕು ಲೈಬ್ರರಿಯ ಮೇಲಿನ ಅರೆಯಲ್ಲಿ, ಇಶ್ಯೂ ಚೀಟಿಯ ಮೇಲೆ ಒಂದೂ ಮುದ್ರೆ ಬೀಳದೆ, ಹೊಸದಾಗಿಯೇ ಕೂತಿರುತ್ತದೆ. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡವಿದೆ, ಹಳ್ಳಿಯವರಿಗೆ ಪಂಚಾಯಿತಿಯ ಅರಿವು ಕೇಂದ್ರಗಳಿವೆ. ಕೊಳ್ಳುವುದಾದರೆ ವಿಜ್ಞಾನದ ಪಟ್ಟಿಯನ್ನು ಬಿಡದೆ ಬೆಳೆಸಿಕೊಂಡು ಬಂದ ನವಕರ್ನಾಟಕದ ಮಳಿಗೆ. ಅಚ್ಚು ಮುಗಿದದ್ದಕ್ಕೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿ.

'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ' ನನಗೆ ಸಿಕ್ಕಿದ್ದು ಅಂಥ ರಾಶಿಯಲ್ಲೇ. ಇದೂ ಸ್ವಾಮಿಯವರದು. ನಾವು ದಿನಾ ತಿನ್ನುವ ತರಕಾರಿಗಳಲ್ಲಿ ಎಷ್ಟು ಸಮುದ್ರ ದಾಟಿ ಬಂದವು ಎಂಬ ಕಥೆ. ಅಡುಗೆಮನೆಯಲ್ಲಿ ಅಮ್ಮನಿಗೆ ಅದರ ವಿಷಯ ಹೇಳುತ್ತಿದ್ದೆ. ಆಲೂಗೆಡ್ಡೆ, ಟೊಮ್ಯಾಟೊ, ಮೆಣಸಿನಕಾಯಿ ಯಾವುದೂ ನಮ್ಮದಲ್ಲ, ಐನೂರು ವರ್ಷದ ಹಿಂದೆ ಪೋರ್ಚುಗೀಸರು ಬಂದ ಮೇಲೆ ಬಂದವು ಎಂದೆ. ನಮಗೆ ಮೊದಲಿದ್ದದ್ದು ಕರಿಮೆಣಸು. ಅದರ ಹಾಗೆ ಖಾರವಾದ ಕಾಯಿಗೆ ಮೆಣಸಿನಕಾಯಿ ಎಂದು ಹೆಸರಾಯಿತು. ಪರಂಗಿ ಹಣ್ಣಿನ ಹೆಸರಿನಲ್ಲೇ ಪರದೇಶಿ ಇದ್ದಾನೆ.

ಅಮ್ಮ ಒಗ್ಗರಣೆ ಸೌಟು ಕೆಳಗಿಟ್ಟಳು. "ಅದಕ್ಕೇ ಏನೋ, ತಿಥಿ ಅಡುಗೆಗೆ ಮೆಣಸಿನಕಾಯಿ ಹಾಕಲ್ಲ. ಮೆಣಸೇ ಹಾಕೋದು. ಟೊಮ್ಯಾಟೊ ಇಲ್ಲ, ಆಲೂಗೆಡ್ಡೆ ಇಲ್ಲ" ಅಂದಳು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ಅವಳು. ನಾನು ಪುಸ್ತಕ ಓದಿಯೂ ಯೋಚಿಸದ ಮಾತು ಅದು. ಹೊಸ ತರಕಾರಿಗಳು ಬರುವ ಮೊದಲಿನ ಊಟ ನಮ್ಮ ಮನೆಯಲ್ಲಿ ವರ್ಷಕ್ಕೊಂದು ದಿನ ಎಲೆಯ ಮೇಲೆ ಬರುತ್ತಿತ್ತು.

ತರಕಾರಿ ಬುಟ್ಟಿಯನ್ನು ನೆಲದ ಮೇಲೆ ಸುರಿದು ಎರಡು ಗುಂಪು ಮಾಡತೊಡಗಿದಳು. ಬಾಳೆಕಾಯಿ, ಹಾಗಲಕಾಯಿ, ಸೌತೆಕಾಯಿ ಈ ಕಡೆ. ಆಲೂಗೆಡ್ಡೆ, ಟೊಮ್ಯಾಟೊ, ಹುರುಳಿಕಾಯಿ, ಸೀಮೆಬದನೆ ಆ ಕಡೆ. ಕೊನೆಗೆ ಕೈಯಲ್ಲಿ ಒಂದು ಸಿಹಿಗೆಣಸು ಉಳಿಯಿತು. ಅದೂ ಅಮೆರಿಕದ್ದೇ ಅಮ್ಮಾ ಎಂದೆ.

"ಅದು ಹೆಂಗೋ? ತಿಥಿಗೆ ಗೆಣಸು ಹಾಕ್ತೀವಲ್ಲ!" ಅಂದಳು. ಸ್ವಲ್ಪ ಹೊತ್ತು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಎರಡು ಗುಂಪಿಗೂ ಸೇರಿಸದೆ ಮಧ್ಯದಲ್ಲಿಟ್ಟಳು. "ಆ ಪುಸ್ತಕ ಇಲ್ಲಿ ಕೊಡು, ಕನ್ನಡಕಾನೂ ತಗೊಂಡು ಬಾ" ಅಂದಳು.